ಹ್ಯಾಂಗ್ ಆಗುವ ಲ್ಯಾಪ್‌ಟಾಪ್: ಚಿಪ್ ಕಾಯಿಸುವ ರಿಪೇರಿಗೆ ದುಡ್ಡು ಸುರಿಯುವ ಮುನ್ನ

ಗ್ರಾಫಿಕ್ಸ್ ಚಿಪ್ಪಿಗೆ ಬಿಸಿಗಾಳಿ ಊದಿ, ‘ರೆಡಿಯಾಯ್ತು’ ಎಂದು ಕೈಗಿಡುವ ರಿಪೇರಿಗೆ ಇವತ್ತಿಗೂ ಜನ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ರಿಪೇರಿಯವರ ಮೇಜಿನ ಮೇಲೆ ಲ್ಯಾಪ್‌ಟಾಪ್ ಸೊಗಸಾಗಿ ಆನ್ ಆಗುತ್ತದೆ. ಮನೆಗೆ ತಂದಮೇಲೆ ಕೆಲವು ವಾರ, ಅದೃಷ್ಟ ಚೆನ್ನಾಗಿದ್ದರೆ ಕೆಲವು ತಿಂಗಳು. ಆಮೇಲೆ ಮತ್ತದೇ ಕತೆ: ಪರದೆ ಇದ್ದಲ್ಲೇ ಕಲ್ಲಾಗುತ್ತದೆ, ಪವರ್ ಬಟನ್ ಒತ್ತಿ ಹಿಡಿಯದೆ ಬೇರೆ ದಾರಿಯಿಲ್ಲ. ಈ ನಡುವೆ ಬಿಸಿಗೆ ಪಕ್ಕದ ಪ್ಲಾಸ್ಟಿಕ್ ಕನೆಕ್ಟರ್ ಮೆತ್ತಗಾಗಿ, ಬೋರ್ಡ್ ತುಸು ಬಾಗಿ, ಒಂದಿದ್ದ ರೋಗ ಮೂರಾಗಿರುತ್ತದೆ.

ಕಾಯಿಸಿದಾಗ ಚಿಪ್ ಏಕೆ ಏಳುತ್ತದೆ? ಸಿಲಿಕಾನ್ ತುಂಡು ನೇರವಾಗಿ ಮದರ್‌ಬೋರ್ಡ್ ಮೇಲೆ ಕೂತಿರುವುದಿಲ್ಲ. ಅದು ತೀರಾ ಸಣ್ಣ ಬೆಸುಗೆ ಬೊಟ್ಟುಗಳ ಮೂಲಕ ಒಂದು ಹಸಿರು ಹಲಗೆಗೆ ಅಂಟಿದೆ. ಆ ಹಲಗೆ ದೊಡ್ಡ ಬೆಸುಗೆ ಗುಂಡುಗಳ ಮೂಲಕ ಬೋರ್ಡಿಗೆ. ದಿನವೂ ಕಾದು ತಣಿದು ಸಾಮಾನ್ಯವಾಗಿ ಸೀಳುವುದು ಮೇಲಿನ ಸಣ್ಣ ಬೊಟ್ಟುಗಳು. ರಿಬಾಲಿಂಗ್‌ನಲ್ಲಿ (ಚಿಪ್ ಕಿತ್ತು, ಹೊಸ ಗುಂಡು ಹಾಕಿ ಮತ್ತೆ ಕೂರಿಸುವುದು) ಬದಲಾಗುವುದು ಕೆಳಗಿನ ಗುಂಡುಗಳು. ಮುರಿದದ್ದು ಒಂದು ಕಡೆ, ಮದ್ದು ಇನ್ನೊಂದು ಕಡೆ. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ಅದಕ್ಕಿಂತ ಕಡಿಮೆ ಬಿಸಿಗೂ ಸತ್ತ ಚಿಪ್ ಎದ್ದು ಕೂರುವುದುಂಟು. ಅಂದರೆ ಏನೂ ಕರಗಿಲ್ಲ, ಹಿಗ್ಗಿ ಸೀಳು ತಾತ್ಕಾಲಿಕವಾಗಿ ಮುಚ್ಚಿಕೊಂಡಿದೆ ಅಷ್ಟೇ. ಇದು ಗುಟ್ಟಿನ ವಿಷಯವೇನಲ್ಲ. 2008ರಲ್ಲಿ ಎನ್‌ವಿಡಿಯಾ ತನ್ನ ಲ್ಯಾಪ್‌ಟಾಪ್ ಚಿಪ್‌ಗಳ ಇಂಥದೇ ಪ್ಯಾಕೇಜಿಂಗ್ ದೋಷಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ತಾನೇ ಹೇಳಿತ್ತು. ಬೋರ್ಡನ್ನು ಓವನ್‌ನಲ್ಲಿ ಬೇಯಿಸುವ ವಿಡಿಯೋಗಳ ಬಗ್ಗೆ ಒಂದೇ ಮಾತು: ಅಡುಗೆ ಮಾಡುವ ಓವನ್ ಹತ್ತಿರ ಅದನ್ನು ತರಲೇಬೇಡಿ.

ಇನ್ನೂ ಬೇಸರದ ಸಂಗತಿಯೆಂದರೆ, ಎಷ್ಟೋ ಸಲ ಚಿಪ್ ಕೆಟ್ಟೇ ಇರುವುದಿಲ್ಲ. ರ‍್ಯಾಮ್, ಎಸ್‌ಎಸ್‌ಡಿ, ಡ್ರೈವರ್, ದೂಳು ಇವುಗಳ ತೊಂದರೆಯೆಲ್ಲ ಹೊರಗಿನಿಂದ ಒಂದೇ ಥರ ಕಾಣುತ್ತದೆ. ಆದ್ದರಿಂದ ಮೊದಲು ಬ್ಯಾಕಪ್ ತೆಗೆದುಕೊಳ್ಳಿ, ಆಮೇಲೆ ಪತ್ತೆದಾರಿಕೆ.

ಹ್ಯಾಂಗ್ ಆದ ಕ್ಷಣವೇ ದೊಡ್ಡ ಸಾಕ್ಷಿ. ಕ್ಯಾಪ್ಸ್ ಲಾಕ್ ಒತ್ತಿ ದೀಪ ಹತ್ತಿ ಆರುತ್ತದೆಯೇ ನೋಡಿ; ಆರಿದರೆ ಯಂತ್ರ ಪೂರ್ತಿ ನಿಂತಿಲ್ಲ. ವಿಂಡೋಸ್‌ನಲ್ಲಿ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಯಾಗುತ್ತದೆ. ಅಷ್ಟಕ್ಕೇ ಪರದೆ ಜೀವ ತಳೆದರೆ ಬೆರಳು ಗ್ರಾಫಿಕ್ಸ್ ಕಡೆಗೆ. ಮೌಸ್ ಓಡಾಡುತ್ತಿದೆ, ಏನು ಒತ್ತಿದರೂ ತೆರೆಯುತ್ತಿಲ್ಲ ಎಂದಾದರೆ ಮೊದಲ ಅನುಮಾನ ಡಿಸ್ಕ್ ಮೇಲೆ. ಶಬ್ದ ಒಂದೇ ತುಣುಕಿನಲ್ಲಿ ಸಿಕ್ಕಿಕೊಂಡು ಗೊರ್ ಎನ್ನುತ್ತಾ ಎಲ್ಲವೂ ನಿಂತರೆ ರ‍್ಯಾಮೂ ಆಗಿರಬಹುದು, ಚಿಪ್ಪೂ ಆಗಿರಬಹುದು. ಅದೊಂದರಿಂದಲೇ ತೀರ್ಪು ಕೊಡಬೇಡಿ.

ವಿಂಡೋಸ್‌ನ ದಾಖಲೆ ಪುಸ್ತಕವಾದ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ಸಾಲು ಕಂಡು ‘ಪವರ್ ಸಪ್ಲೈ ಹೋಗಿದೆ’ ಎನ್ನುವವರು ಬಹಳ. ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳುವುದಿಲ್ಲ. ಹುಡುಕಬೇಕಾದ್ದು ಅದರ ಹಿಂದಿನ ಸಾಲುಗಳನ್ನು. ಡಿಸ್‌ಪ್ಲೇ 4101 ಇದ್ದರೆ ಗ್ರಾಫಿಕ್ಸ್ ಡ್ರೈವರ್ ಉತ್ತರಿಸಲಿಲ್ಲ ಎಂದರ್ಥ (ವಿಂಡೋಸ್ ಮಾಮೂಲಾಗಿ ಕಾಯುವುದು 2 ಸೆಕೆಂಡ್). 129 ಅಥವಾ 153 ಇದ್ದರೆ ಡಿಸ್ಕ್ ತಡವರಿಸುತ್ತಿದೆ.

ರ‍್ಯಾಮ್‌ಗೆ ಮೆಮ್‌ಟೆಸ್ಟ್86 ಎಂಬ ಪರೀಕ್ಷಾ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ 4 ಸುತ್ತು ಓಡಿಸಿ. ಒಂದೇ ಒಂದು ತಪ್ಪು ಬಂದರೂ ಅದನ್ನು ಕಡೆಗಣಿಸುವಂತಿಲ್ಲ. ಎರಡು ಸ್ಟಿಕ್ ಇದ್ದರೆ ಒಂದೊಂದನ್ನೇ ಹಾಕಿ ಮತ್ತೆ ನೋಡಿ. ಹಾರ್ಡ್ ಡಿಸ್ಕ್ ಆದರೆ ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ಪಟ್ಟಿಯಲ್ಲಿ 05, ಸಿ5, ಸಿ6 ಸಾಲುಗಳ (ಡಿಸ್ಕ್‌ನ ಕೆಟ್ಟ ಜಾಗಗಳ) ಲೆಕ್ಕ ಏರುತ್ತಿದೆಯೇ ಗಮನಿಸಿ. ಬಿಸಿಯ ಅನುಮಾನವಿದ್ದರೆ ತಾಪಮಾನ ತೋರಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದಲ್ಲಿ ಲಾಗಿಂಗ್ (ದಾಖಲಿಸುವಿಕೆ) ಹಾಕಿಬಿಡಿ. ಹ್ಯಾಂಗ್ ಆಗುವ ಮುಂಚಿನ ಕೊನೆಯ ಸಾಲು 60 ಡಿಗ್ರಿ ತೋರಿಸಿದರೆ ಫ್ಯಾನ್ ಬಿಚ್ಚುವ ಕೆಲಸ ತಪ್ಪಿತು. 95 ದಾಟಿದ್ದರೆ ದೂಳು ತೆಗೆದು, ಚಿಪ್ ಮೇಲಿನ ಥರ್ಮಲ್ ಪೇಸ್ಟ್ (ಬಿಸಿ ಸಾಗಿಸುವ ಲೇಪ) ಬದಲಿಸಿ. ಆದರೆ 0.5 ಮಿ.ಮೀ. ಥರ್ಮಲ್ ಪ್ಯಾಡ್ ಇದ್ದ ಜಾಗಕ್ಕೆ 1 ಮಿ.ಮೀ.ನದು ಹಾಕಬೇಡಿ, ಹೀಟ್‌ಸಿಂಕ್ ಚಿಪ್ಪಿನಿಂದ ಮೇಲೆದ್ದು ಬಿಸಿ ಇನ್ನೂ ಹೆಚ್ಚುತ್ತದೆ.

ಇವೆಲ್ಲ ಸರಿಯಿದ್ದರೆ ಗ್ರಾಫಿಕ್ಸ್ ಸರದಿ. ಸೇಫ್ ಮೋಡ್‌ನಲ್ಲಿ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಎಂಬ ತಂತ್ರಾಂಶ ಬಳಸಿ ಹಳೆಯ ಡ್ರೈವರ್ ಪೂರ್ತಿ ಕಿತ್ತು, ಲ್ಯಾಪ್‌ಟಾಪ್ ತಯಾರಕರ ಡ್ರೈವರ್ ಹಾಕಿ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿದಾಗಲೂ ಹ್ಯಾಂಗ್ ಆದರೆ ವಿಂಡೋಸ್ ಡ್ರೈವರ್ ಮೇಲೆ ಗೂಬೆ ಕೂರಿಸಬೇಡಿ. ಪರದೆಯ ಮೇಲೆ ಗೆರೆ, ಚೌಕಳಿ ಮೂಡಿದಾಗ ಸ್ಕ್ರೀನ್‌ಶಾಟ್ ತೆಗೆದು ಫೋನ್‌ನಲ್ಲಿ ತೆರೆಯಿರಿ. ಅದರಲ್ಲೂ ಗೆರೆ ಇದ್ದರೆ ಚಿತ್ರ ತಯಾರಾಗುವಾಗಲೇ ಕೆಟ್ಟಿದೆ. ಇಲ್ಲದಿದ್ದರೆ ಡಿಸ್‌ಪ್ಲೇ ಕೇಬಲ್ ಅಥವಾ ಪ್ಯಾನೆಲ್ ಪರೀಕ್ಷಿಸಿ. ವಿಂಡೋಸ್ ಶುರುವಾಗುವ ಮುನ್ನ ಬರುವ ಬಯೋಸ್ ಪರದೆಯಲ್ಲೂ ಗೆರೆ ಬಂದು, ಹೊರಗಿನ ಮಾನಿಟರ್‌ನಲ್ಲೂ ಅದೇ ಕಂಡರೆ ಹಾರ್ಡ್‌ವೇರೇ ಕೆಟ್ಟಿದೆ.

ಎರಡು ಗ್ರಾಫಿಕ್ಸ್ (ಪ್ರೊಸೆಸರ್‌ನೊಳಗೆ ಒಂದು, ಪ್ರತ್ಯೇಕ ಚಿಪ್ ಇನ್ನೊಂದು) ಇರುವ ಯಂತ್ರದಲ್ಲಿ ಡಿವೈಸ್ ಮ್ಯಾನೇಜರ್‌ಗೆ ಹೋಗಿ ಪ್ರತ್ಯೇಕ ಚಿಪ್ಪನ್ನು ಡಿಸೇಬಲ್ ಮಾಡಿ ಬಳಸಿ ನೋಡಿ. ಒಂದು ದಿನ ಸುಮ್ಮನಿತ್ತೆಂದು ಹಿಗ್ಗಬೇಡಿ. ಎರಡು ದಿನಕ್ಕೊಮ್ಮೆ ಹ್ಯಾಂಗ್ ಆಗುತ್ತಿದ್ದರೆ ಕನಿಷ್ಠ ಆರು ದಿನ ಕಾಯಬೇಕು. ಅಷ್ಟು ದಿನವೂ ಸುಮ್ಮನಿದ್ದು, ಎನೇಬಲ್ ಮಾಡಿದೊಡನೆ ಮತ್ತೆ ಶುರುವಾದರೆ ಕಳ್ಳ ಸಿಕ್ಕ. ಆಟ, ವಿಡಿಯೋ ಎಡಿಟಿಂಗ್ ಬೇಡದವರು ಹಾಗೇ ಡಿಸೇಬಲ್ ಮಾಡಿಟ್ಟು ವರ್ಷಗಟ್ಟಲೆ ಬಳಸಬಹುದು, ಒಂದು ಪೈಸೆ ಖರ್ಚಿಲ್ಲ.

ರಿಪೇರಿಗೇ ಕೊಡುವುದಾದರೆ ಕೇಳಬೇಕಾದ್ದು ಒಂದೇ: ಹಾಕುವುದು ಹೊಸ ಚಿಪ್ಪೋ, ಇದ್ದದ್ದನ್ನೇ ಕಿತ್ತು ಕೂರಿಸುವುದೋ? ಕೆಟ್ಟದ್ದು ವಿಡಿಯೋ ಮೆಮೊರಿ ಚಿಪ್ ಆಗಿದ್ದರೆ ಅದನ್ನು ಬದಲಿಸುವುದು ನಿಜವಾದ ರಿಪೇರಿಯೇ. ‘ರೀಫ್ಲೋ ಮಾಡ್ತೀವಿ’ (ಅಂದರೆ ಅದೇ ಚಿಪ್ಪನ್ನು ಕಾಯಿಸುತ್ತೇವೆ) ಎಂಬ ಉತ್ತರ ಬಂದರೆ ಲ್ಯಾಪ್‌ಟಾಪ್ ವಾಪಸ್ ತನ್ನಿ.