ಮಡಿಕೇರಿಯಿಂದ ಶ್ರೀಲಂಕಾಕ್ಕೆ: ಒಂದು ಪ್ರವಾಸ ಸಂಸ್ಥೆಯ ಸೇವೆ

ಕಾಫಿ ಕೊಯ್ಲು ಮುಗಿದ ಮೇಲೆ, ಫೆಬ್ರವರಿಯಲ್ಲಿ, ಮಡಿಕೇರಿಯ ಪ್ರವಾಸ ಸಂಸ್ಥೆಯೊಂದರ ಮೂಲಕ ನಾವು ನಾಲ್ವರು ಶ್ರೀಲಂಕಾಕ್ಕೆ ಹೋಗಿಬಂದೆವು. ಕೊಡಗಿನಲ್ಲಿ ಸುರಿಯುವ ನೈಋತ್ಯ ಮುಂಗಾರೇ ಅಲ್ಲಿನ ಪಶ್ಚಿಮ ಮತ್ತು ದಕ್ಷಿಣ ಕರಾವಳಿಯನ್ನೂ ತೋಯಿಸುವುದರಿಂದ, ಆ ಕಡಲತೀರಗಳಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲವೇ ಸೂಕ್ತವೆಂದು ಅವರು ಮೊದಲೇ ತಿಳಿಸಿದ್ದು ಬಹಳ ಉಪಕಾರವಾಯಿತು. ಬುದ್ಧನದೆಂದು ನಂಬಲಾದ ಹಲ್ಲನ್ನು ಇಟ್ಟಿರುವ ಕ್ಯಾಂಡಿಯ ದಂತ ದೇಗುಲಕ್ಕೆ ಭುಜ, ಮೊಣಕಾಲು ಮುಚ್ಚುವ ಉಡುಪು ಬೇಕು, ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬಾರದು ಎಂಬ ಸೂಚನೆಗಳನ್ನು ಕನ್ನಡದಲ್ಲೇ ಬರೆದುಕೊಟ್ಟಿದ್ದ ಹಾಳೆಯನ್ನು ನನ್ನ ತಾಯಿ ನಾಲ್ಕಾಗಿ ಮಡಚಿ ಕೈಚೀಲದಲ್ಲೇ ಇಟ್ಟುಕೊಂಡಿದ್ದರು. ಆದರೆ ಕ್ಯಾಂಡಿಯಿಂದ ಎಲ್ಲ ಎಂಬ ಊರಿಗೆ ಹೋಗುವ ಬೆಟ್ಟದ ರೈಲಿನಲ್ಲಿ ಸಂಸ್ಥೆಯವರು ಸೀಟು ಕಾಯ್ದಿರಿಸದೆ ಬಿಟ್ಟಿದ್ದು ದೊಡ್ಡ ಲೋಪ. ಎಪ್ಪತ್ತು ದಾಟಿದ ತಾಯಿ ದಾರಿಯಲ್ಲಿ ಸಿಗುವ ಹ್ಯಾಟನ್ ನಿಲ್ದಾಣದವರೆಗೆ ಬಾಗಿಲ ಬಳಿಯ ಕಂಬಿ ಹಿಡಿದು ನಿಂತೇ ಬರಬೇಕಾಯಿತು. ರೈಲಿನ ಟಿಕೆಟ್ ಕೈಗೆ ಬಂದ ಮೇಲೆಯೇ ಸಂಸ್ಥೆಗೆ ಪೂರ್ತಿ ಹಣ ಕೊಡಿ.