ಫೈಬರ್ ಆಧಾರಿತ ಆರ್‌ಎಫ್ ಸ್ಪೆಕ್ಟ್ರಮ್ ಅನಲೈಸರ್: ಕೆಲವು ವರ್ಷ ಬಳಸಿದ ಮೇಲೆ

ಸೆಕೆಂಡಿಗೆ 160 ಗಿಗಾಬಿಟ್ ವೇಗದ ಬೆಳಕಿನ ಸಿಗ್ನಲ್ ಜೊತೆ ಕೆಲಸ ಮಾಡುವವರಿಗೆ, ಅದರ ತೀವ್ರತೆ ಯಾವ್ಯಾವ ಆವರ್ತನದಲ್ಲಿ ಏರಿಳಿಯುತ್ತದೆ (ಅದೇ ಆರ್‌ಎಫ್ ಸ್ಪೆಕ್ಟ್ರಮ್) ಎಂದು ತೋರಿಸುವ ಈ ಸಾಧನ ಬೇಕೇ ಬೇಕು. ಬೆಳಕನ್ನು ವಿದ್ಯುತ್ತಾಗಿಸುವ ಫೋಟೋಡಯೋಡ್ ಮತ್ತು ಎಲೆಕ್ಟ್ರಿಕಲ್ ಅನಲೈಸರ್ ಜೋಡಿ 100 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ. ಇಲ್ಲಿ ಬೆಳಕನ್ನು ವಿದ್ಯುತ್ತಾಗಿ ಬದಲಿಸುವ ಗೋಜೇ ಇಲ್ಲ. ಸಿಗ್ನಲ್ ಜೊತೆ ಒಂದು ಸ್ಥಿರ ಲೇಸರನ್ನು, ಅಂದರೆ ಪ್ರೋಬನ್ನು, ಹೈಲಿ ನಾನ್‌ಲೀನಿಯರ್ ಫೈಬರ್‌ಗೆ, ಅಂದರೆ ಒಂದು ಬೆಳಕು ಇನ್ನೊಂದರ ಮೇಲೆ ಜೋರಾಗಿ ಪ್ರಭಾವ ಬೀರುವ ಫೈಬರ್‌ಗೆ, ಬಿಡುತ್ತೇವೆ. ಸಿಗ್ನಲ್‌ನ ತೀವ್ರತೆ ಏರಿಳಿದಂತೆ ಪ್ರೋಬ್‌ನ ಫೇಸ್ (ಅಲೆಯ ಹಂತ) ಕೂಡ ಏರಿಳಿಯುತ್ತದೆ. ಆಗ ಪ್ರೋಬ್‌ನ ಆವರ್ತನದ ಎರಡೂ ಬದಿ ಮೂಡುವ ಹೊಸ ಆವರ್ತನಗಳು, ಅಂದರೆ ಸೈಡ್‌ಬ್ಯಾಂಡ್‌ಗಳೇ, ನಮಗೆ ಬೇಕಾದ ಆರ್‌ಎಫ್ ಸ್ಪೆಕ್ಟ್ರಮ್. ಮಾಮೂಲಿ ಆಪ್ಟಿಕಲ್ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ನೋಡಿದರೆ ಸಾಕು. 2009ರಲ್ಲಿ ಇದೇ ತತ್ವದ ಮೇಲೆ ಚಾಲ್ಕೋಜೆನೈಡ್ ಗಾಜಿನ ಚಿಪ್‌ನಲ್ಲಿ ಟೆರಾಹರ್ಟ್ಸ್ ಬ್ಯಾಂಡ್‌ವಿಡ್ತ್ ಕೂಡ ಸಿಕ್ಕಿದೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಮಲ್ಟಿಪ್ಲೆಕ್ಸರ್, ಅಂದರೆ ಹಲವು ಚಾನೆಲ್‌ಗಳನ್ನು ಒಂದಾಗಿಸುವ ಸಾಧನ, ಹೊಂದಿಸುವಾಗ. ನಾಲ್ಕು 40 ಗಿಗಾಬಿಟ್ ಚಾನೆಲ್‌ಗಳನ್ನು ಹೆಣೆದು 160 ಮಾಡುತ್ತೇವೆ. ಪಲ್ಸ್‌ಗಳ ನಡುವಿನ ಅಂತರವೋ ಎತ್ತರವೋ ಸಮ ಇಲ್ಲದಿದ್ದರೆ 40 ಮತ್ತು 80 ಗಿಗಾಹರ್ಟ್ಸ್‌ನಲ್ಲಿ ಗೆರೆಗಳು ಎದ್ದು ನಿಲ್ಲುತ್ತವೆ. ಪಲ್ಸ್‌ಗಳ ಸಮಯ ಸರಿಪಡಿಸುವ ಡಿಲೇ ತಿರುಗಿಸುತ್ತಾ ಹೋದಂತೆ ಅವು ಕುಗ್ಗುತ್ತವೆ. ಇಷ್ಟು ನೇರವಾಗಿ ತಪ್ಪು ತೋರಿಸುವ ಸಾಧನ ನನ್ನ ಮೇಜಿನ ಮೇಲೆ ಬೇರೆ ಇಲ್ಲ.

ತಲೆನೋವು ಅಂದ್ರೆ ಪೋಲರೈಸೇಶನ್, ಅಂದರೆ ಬೆಳಕಿನ ಅಲೆ ಕಂಪಿಸುವ ದಿಕ್ಕು. ಸಿಗ್ನಲ್ ಮತ್ತು ಪ್ರೋಬ್‌ನ ಈ ದಿಕ್ಕುಗಳು ಒಂದಕ್ಕೊಂದು ಲಂಬವಾದರೆ ಪರಿಣಾಮ ಮೂರನೇ ಒಂದಕ್ಕೆ ಇಳಿಯುತ್ತದೆ, ಸೈಡ್‌ಬ್ಯಾಂಡ್‌ನ ಪವರ್ ಒಂಬತ್ತನೇ ಒಂದಕ್ಕೆ. ಕೋಣೆಯ ಉಷ್ಣಾಂಶ ಸ್ವಲ್ಪ ಬದಲಾದರೂ ಫೈಬರ್‌ನಲ್ಲಿ ಇದು ಜಾರುತ್ತದೆ. ಹಾಗಾಗಿ ಅಳತೆಗೆ ಮುಂಚೆ ಪ್ರತಿ ಸಲ ಪೋಲರೈಸೇಶನ್ ಕಂಟ್ರೋಲರ್ ಹೊಂದಿಸಲೇಬೇಕು.

ಇನ್ನೊಂದು ಅಭ್ಯಾಸ ಬೆಳೆಸಿಕೊಳ್ಳಿ. ಸಿಗ್ನಲ್ ಪವರನ್ನು 3 ಡೆಸಿಬೆಲ್ ಏರಿಸಿ ನೋಡಿ. ಸೈಡ್‌ಬ್ಯಾಂಡ್ 6 ಡೆಸಿಬೆಲ್ ಏರಬೇಕು. ಏರಲಿಲ್ಲ ಅಂದ್ರೆ ಪವರ್ ಮಿತಿ ಮೀರಿದೆ, ಆ ಸ್ಪೆಕ್ಟ್ರಮನ್ನು ನಂಬಬೇಡಿ. ಹಾಗಂತ ಪ್ರೋಬ್ ಪವರನ್ನೂ ಸುಮ್ನೆ ಏರಿಸುವಂತಿಲ್ಲ. ಉದ್ದ ಫೈಬರ್‌ನಲ್ಲಿ ಬ್ರಿಲುವಾನ್ ಚದುರುವಿಕೆ ಶುರುವಾಗಿ ಬೆಳಕು ಹಿಂದಕ್ಕೆ ಹೊರಳುತ್ತದೆ.

ಕಡಿಮೆ ಆವರ್ತನದ ಕೆಲಸಕ್ಕೆ ಇದನ್ನು ತರಬೇಡಿ. 1550 ನ್ಯಾನೋಮೀಟರ್‌ನಲ್ಲಿ 0.01 ನ್ಯಾನೋಮೀಟರ್ ರೆಸಲ್ಯೂಶನ್ ಅಂದ್ರೆ ಸುಮಾರು 1.25 ಗಿಗಾಹರ್ಟ್ಸ್. ಅದಕ್ಕಿಂತ ಹತ್ತಿರದ ಗೆರೆಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಅಲ್ಲಿ ಹಳೆಯ ಫೋಟೋಡಯೋಡೇ ವಾಸಿ. ಫೇಸ್‌ನಲ್ಲಿ ಮಾತ್ರ ಡೇಟಾ ಇರುವ ಸಿಗ್ನಲ್‌ಗೂ ಇದು ಆಗಿಬರುವುದಿಲ್ಲ. ತೀವ್ರತೆಯ ಏರಿಳಿತ ಬಿಟ್ಟು ಇದಕ್ಕೆ ಬೇರೇನೂ ಕಾಣುವುದಿಲ್ಲ.