ಈಜುಕೊಳಕ್ಕೆ ಇಳಿಯಲು ಲಿಫ್ಟ್, ರ‍್ಯಾಂಪ್, ಕಟ್ಟೆ: ಮೂರನ್ನೂ ಬಳಸಿ ನೋಡಿದೆ

ಬೆನ್ನುಹುರಿಗೆ ಪೆಟ್ಟಾದ ಮೇಲೆ ನನ್ನ ಓಡಾಟವೆಲ್ಲ ವೀಲ್‌ಚೇರ್‌ನಲ್ಲೇ. ಕೈಯಲ್ಲಿ ಬಲ ಇದೆ. ಸೊಂಟದ ಕೆಳಗೆ ಮುಟ್ಟಿದರೂ ಗೊತ್ತಾಗುವುದಿಲ್ಲ. ಈಜು ಮಾತ್ರ ಬಿಟ್ಟಿಲ್ಲ. ನೀರಿಗೆ ಇಳಿದ ಮೇಲೆ ನನಗೇನೂ ತೊಂದರೆ ಇಲ್ಲ, ಕಷ್ಟವೆಲ್ಲ ದಡದಿಂದ ನೀರಿನ ತನಕದ ಎರಡು ಅಡಿಯಲ್ಲಿ. ಮೂರು ಸಾರ್ವಜನಿಕ ಕೊಳಗಳಲ್ಲಿ ಮೂರು ಬಗೆಯ ಅನುಕೂಲ ಬಳಸಿ ನೋಡಿದ್ದೇನೆ. ಯಾರನ್ನೂ ಕರೆಯದೆ ಇಳಿದು ಹತ್ತಬಹುದಾ? ನಾನು ನೋಡಿದ್ದು ಇದೊಂದನ್ನೇ.

ಮೊದಲನೆಯದರಲ್ಲಿ ಬ್ಯಾಟರಿ ಲಿಫ್ಟ್. ಅದರ ಸೀಟಿಗೆ ಜರುಗಿ ಕೂತು ಬಟನ್ ಒತ್ತಿದರೆ ನೀರಿಗೆ ಇಳಿಸುತ್ತದೆ. ಕೇಳಲು ಚೆನ್ನ. ಆದರೆ ನಾನು ಹೋದಾಗಲೆಲ್ಲ ಲಿಫ್ಟಿಗೆ ಹೊದಿಕೆ, ಬ್ಯಾಟರಿ ಆಫೀಸಿನ ಬೀರುವಿನಲ್ಲಿ, ಬೀರುವಿನ ಕೀ ಊಟಕ್ಕೆ ಹೋದವರ ಜೇಬಿನಲ್ಲಿ. ಒಂದು ದಿನ ಅರ್ಧಕ್ಕೇ ನಿಂತುಬಿಟ್ಟಿತು. ಪಾದ ನೀರಲ್ಲಿ, ಮೈ ಗಾಳಿಯಲ್ಲಿ. ಈಜು ಕಲಿಯಲು ಬಂದ ಮಕ್ಕಳು ಸಾಲಾಗಿ ನಿಂತು ನೋಡಿದರು. ರಿಮೋಟ್ ದಡದ ಕಂಬಕ್ಕೆ ನೇತುಹಾಕಿತ್ತು, ಕೈಗೆ ಸಿಗಲಿಲ್ಲ. ಅಮೆರಿಕದ 2010ರ ನಿಯಮದ ಪ್ರಕಾರ ದಡದಿಂದಲೂ ನೀರಿನಿಂದಲೂ ಲಿಫ್ಟನ್ನು ಬೇರೆಯವರ ನೆರವಿಲ್ಲದೆ ನಡೆಸಲು ಬರಬೇಕು. ಆ ಸಾಲು ಬರೆದವರು ನನ್ನ ಹಾಗೇ ಎಲ್ಲೋ ನೇತಾಡಿರಬೇಕು!

ರ‍್ಯಾಂಪ್ ನೋಡಲು ಎಲ್ಲಕ್ಕಿಂತ ಚಂದ. ಇಳಿಜಾರು 1:12 ಇದ್ದರೆ ಮೂರಡಿ ಆಳಕ್ಕೆ ಮೂವತ್ತಾರು ಅಡಿ ಉದ್ದ ಬೇಕು, ಹಾಗಾಗಿ ಜಾಗ ಜಾಸ್ತಿ ತಿನ್ನುತ್ತದೆ. ಮಂಡಿ ನೋವಿನವರು, ಕೋಲು ಹಿಡಿದವರು ಕಂಬಿ ಹಿಡಿದು ಆರಾಮಾಗಿ ಇಳಿಯುತ್ತಾರೆ. ನನಗೆ ಅಷ್ಟು ಸಲೀಸಲ್ಲ. ಸ್ವಂತ ಕುರ್ಚಿಯನ್ನು ನೀರಿಗೆ ಇಳಿಸಿದರೆ ಬೇರಿಂಗ್ ಹಾಳು. ನೀರಿಗೆಂದೇ ಮಾಡಿದ ಕುರ್ಚಿ ಅಲ್ಲಿ ಒಂದೇ ಇತ್ತು, ಅದರ ಮುಂದಿನ ಚಕ್ರ ಕಚ್ಚಿಕೊಂಡಿತ್ತು. ವಾಪಸ್ ಬರುವಾಗ ಕೊನೆಯ ಹತ್ತಡಿಯಲ್ಲಿ ಮೈಭಾರವೆಲ್ಲ ಒಮ್ಮೆಗೇ ಮರಳಿ ಬರುತ್ತದೆ. ಒದ್ದೆ ಕೈ ಜಾರುತ್ತದೆ. ಎರಡು ಸಲ ಯಾರೋ ತಳ್ಳಿದರು.

ಮೂರನೆಯದು ಬರೀ ಕಟ್ಟೆ. ಕೊಳದ ಅಂಚನ್ನೇ ವೀಲ್‌ಚೇರ್ ಸೀಟಿನ ಮಟ್ಟಕ್ಕೆ, ಅಂದರೆ ಸುಮಾರು 45 ಸೆಂಟಿಮೀಟರ್ ಎತ್ತರಕ್ಕೆ ಕಟ್ಟಿದ್ದಾರೆ. ಮೇಲೊಂದು ಹಿಡಿ. ಕುರ್ಚಿಯಿಂದ ಕಟ್ಟೆಗೆ ಜರುಗು, ಕಾಲೆತ್ತಿ ಆಚೆ ಹಾಕು, ಇಳಿ. ಬ್ಯಾಟರಿ ಇಲ್ಲ, ಕೀ ಇಲ್ಲ. ಮೊದಲ ದಿನ ಖುಷಿಯಲ್ಲಿ ನಾಲ್ಕು ಸಲ ಸುಮ್ನೆ ಇಳಿದು ಹತ್ತಿದೆ. ಸಂಜೆ ಬಟ್ಟೆ ಬದಲಿಸುವಾಗ ನೋಡಿದರೆ ತೊಡೆಯ ಹಿಂದೆ ನಾಣ್ಯದಷ್ಟಗಲ ತರಚಿ ರಕ್ತ. ಸ್ಪರ್ಶ ಇಲ್ಲದವರಿಗೆ ಇಂಥದ್ದೇ ದೊಡ್ಡ ಹುಣ್ಣಾಗುತ್ತದೆ, ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಈಗ ದಪ್ಪ ಟವೆಲ್ ಹಾಸದೆ ಕಟ್ಟೆ ಮುಟ್ಟುವುದಿಲ್ಲ.

ನನ್ನ ಆಯ್ಕೆ ಕಟ್ಟೆಯೇ. ಕತ್ತಿನಲ್ಲಿ ಪೆಟ್ಟಾಗಿ ಕೈಬಲವೂ ಹೋಗಿರುವ ನನ್ನ ಗೆಳೆಯನಿಗೆ ಅದು ಬರೀ ಗೋಡೆ, ಅವನಿಗೆ ಲಿಫ್ಟೇ ಬೇಕು, ಚಾರ್ಜ್ ಆಗಿರುವ ಲಿಫ್ಟು. ಒಂದೇ ಕೊಳದಲ್ಲಿ ಎರಡು ದಾರಿ ಇರಬೇಕು ಅನ್ನುವುದು ಇದಕ್ಕೇ ಅಲ್ವಾ?

ಅಂದಹಾಗೆ, ಕಟ್ಟೆ ಇರುವ ಕೊಳದ ಬಟ್ಟೆ ಬದಲಿಸುವ ಕೋಣೆಗೆ ವೀಲ್‌ಚೇರ್ ಹಿಡಿಸುವುದಿಲ್ಲ. ಮನೆಯಿಂದಲೇ ಈಜುಬಟ್ಟೆ ತೊಟ್ಟು ಹೋಗುತ್ತೇನೆ, ಒದ್ದೆಯಲ್ಲೇ ವಾಪಸ್ ಬರುತ್ತೇನೆ.